ನಕ್ಷೆ ಹಿಡಿದು ಪಾರ್ಕ್ ಉಳಿಸಿಕೊಂಡೆವು: ನನ್ನ ಅನುಭವ

ಮಂಗಳೂರಿನ ನಮ್ಮ ಬಡಾವಣೆಯ ಪಾರ್ಕಿಗೆ ಕೊನೆಗೂ ಗೇಟ್ ಕೂತಿತು. 32 ಸೆಂಟ್ಸ್ ಜಾಗ (ನೂರು ಸೆಂಟ್ಸ್ ಅಂದರೆ ಒಂದು ಎಕರೆ), ಸುಮಾರು ಎಂಟು ವರ್ಷದ ಕೆಲಸ. "ಕಾಗದ ಹಿಡ್ಕೊಂಡು ಓಡಾಡಿದ್ರೆ ಪಾರ್ಕ್ ಆಗ್ತದಾ ಮಾರಾಯ್ರೆ?" ಎಂದು ಕೇಳಿದವರೇ ಈಗ ಬೆಳಿಗ್ಗೆ ಅಲ್ಲಿ ವಾಕಿಂಗ್ ಬರುತ್ತಾರೆ. ಕಾಗದದಿಂದಲೇ ಆದದ್ದು. ಬೇರೆ ವಾರ್ಡುಗಳಲ್ಲಿ ಇದೇ ಕೆಲಸಕ್ಕೆ ಇಳಿದವರಿಗಾಗಿ ಬರೆಯುತ್ತಿದ್ದೇನೆ.

ಮೊದಲ ಎರಡು ವರ್ಷ ದಂಡ. 400ರ ಹತ್ತಿರ ಸಹಿ ಸಂಗ್ರಹಿಸಿದೆವು, ಮನವಿ ಕೊಟ್ಟೆವು. ಬ್ಯಾನರ್, ಮೈಕ್, ಶಾಮಿಯಾನಕ್ಕೆ 14 ಸಾವಿರ ಹೋಯಿತು. ಹೋದಲ್ಲೆಲ್ಲ ಒಂದೇ ಉತ್ತರ: "ಕದ್ರಿ ಪಾರ್ಕ್ ಇದೆಯಲ್ಲ." ಕದ್ರಿ ಪಾರ್ಕ್ ಚಂದವೇ, ಬಾವುಟಗುಡ್ಡೆಯ ಟಾಗೋರ್ ಪಾರ್ಕ್ ಕೂಡ. ಆದರೆ ಮಂಡಿನೋವಿನ ಅಜ್ಜಿ ದಿನಾ ಸಂಜೆ ರಿಕ್ಷಾ ಮಾಡಿಕೊಂಡು ಅಲ್ಲಿಗೆ ಹೋಗಲು ಆಗುತ್ತದಾ? ಪಾರ್ಕ್ ನಡೆದು ಹೋಗುವ ದೂರದಲ್ಲಿ ಇರಬೇಕು. ಅದೊಂದೇ ನಮ್ಮ ಹಟ.

ದಾರಿ ತೋರಿಸಿದವರು ನಮ್ಮಲ್ಲೇ ಇದ್ದ ಒಬ್ಬ ನಿವೃತ್ತ ಸರ್ವೇಯರ್. "ಪಾರ್ಕ್ ಕೊಡಿ ಅಂತ ಬೇಡಬೇಡಿ. ಲೇಔಟ್ ನಕ್ಷೆಯಲ್ಲಿ ಪಾರ್ಕ್ ಇದೆಯಾ ಅಂತ ಮೊದಲು ನೋಡಿ" ಎಂದರು. ಆ ಮಾತಿನಿಂದ ಕೆಲಸದ ದಿಕ್ಕೇ ಬದಲಾಯಿತು.

ನಮ್ಮ ಮೊದಲ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಮೂರು ಪುಟ, ಹನ್ನೊಂದು ಪ್ರಶ್ನೆ. ಹಾಗೇ ವಾಪಸ್ ಬಂತು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಅದನ್ನು ಓದದೆ ಮೂರು ತಿಂಗಳು ಕಳೆದುಕೊಂಡೆವು. ಆಮೇಲೆ ಒಡೆದು ಒಡೆದು ಹಾಕಿದೆವು. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಉತ್ತರ ಬಾರದೆ 30 ದಿನ ಕಳೆದರೆ ಮರುದಿನವೇ ಮೇಲ್ಮನವಿ. ಇಪ್ಪತ್ತು ಅರ್ಜಿ ಹಾಕಿದರೂ ಖರ್ಚು 1,500 ದಾಟಿರಲಿಕ್ಕಿಲ್ಲ. ಶಾಮಿಯಾನದ ದುಡ್ಡಿಗೆ ಹೋಲಿಸಿ ನೋಡಿ!

ನಿಜವಾಗಿ ಫಲ ಕೊಟ್ಟದ್ದು ಪ್ರತಿ ಕೇಳಿದ್ದಲ್ಲ, ಕಡತವನ್ನೇ ನೋಡಲು ಕೇಳಿದ್ದು. ಮೊದಲ ಗಂಟೆಗೆ ಶುಲ್ಕ ಇಲ್ಲ. ಇಬ್ಬರು ಹೋಗಿ ಕೂತೆವು. ನಕ್ಷೆ ಸಿಕ್ಕಿತು, ಪಾರ್ಕಿನ ಜಾಗ ಬಿಟ್ಟುಕೊಟ್ಟ ಪತ್ರವೂ ಸಿಕ್ಕಿತು. ಯಾವ ರಿಜಿಸ್ಟರಿನಿಂದ ಹುಡುಕಲು ಶುರು ಮಾಡಿದೆವು ಎಂದು ಇಲ್ಲಿ ಬರೆಯುವುದಿಲ್ಲ. ಇನ್ನೂ ಮೂರು ಜಾಗದ ಕೆಲಸ ಬಾಕಿ ಇದೆ, ಆ ರಿಜಿಸ್ಟರ್ ಮಾಯವಾಗದೆ ಅಲ್ಲೇ ಇರಬೇಕು.

ನಕ್ಷೆಯಲ್ಲಿ 32 ಸೆಂಟ್ಸ್, ನೆಲದಲ್ಲಿ 25. ಪಕ್ಕದ ಕಾಂಪೌಂಡ್ ಒಳಗೆ ಬಂದಿತ್ತು. ಖಾಸಗಿಯಾಗಿ ಅಳೆಸಲು ಕೊಟ್ಟ 9 ಸಾವಿರ ಹಾಳು. ಅಳತೆ ಶುರು ಮಾಡಿದ ಗಡಿಕಲ್ಲೇ ತಪ್ಪಾಗಿತ್ತು. ಕೊನೆಗೆ ಮೂರು ಭಾನುವಾರ ನಾವೇ ಟೇಪ್ ಹಿಡಿದೆವು. ಆಮೇಲೆ ಬಂದ ಸರಕಾರಿ ಅಳತೆಗೂ ನಮ್ಮ ಅಳತೆಗೂ ಅರ್ಧ ಸೆಂಟ್ಸ್ ವ್ಯತ್ಯಾಸ ಇರಲಿಲ್ಲ.

ಪಾರ್ಕಿನ ಜಾಗ ಉಳಿಸಿಕೊಡಿ ಎಂದು ಕೊಡುವ ಅರ್ಜಿಯ ಜೊತೆ ಎರಡು ಕಾಗದ ಲಗತ್ತಿಸಿ. ಒಂದು, ಪಾರ್ಕು, ಆಟದ ಮೈದಾನ, ಬಯಲು ಜಾಗ ಉಳಿಸುವ ಬಗ್ಗೆ ಇರುವ ಕರ್ನಾಟಕದ 1985ರ ಕಾಯ್ದೆ. ಇನ್ನೊಂದು, ಸುಪ್ರೀಂ ಕೋರ್ಟಿನ 1991ರ ತೀರ್ಪು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಇಟ್ಟ ಜಾಗವನ್ನು ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ಕೋರ್ಟ್ ಒಪ್ಪಲಿಲ್ಲ. ಆ ಕೇಸಿನಲ್ಲೂ ಹೋರಾಡಿದವರು ಅಲ್ಲಿಯ ನಿವಾಸಿಗಳೇ. ಇವೆರಡು ಕೈಯಲ್ಲಿದ್ದ ದಿನ ನಮಗೆ ಮೊದಲ ಸಲ ಕುರ್ಚಿ ಕೊಟ್ಟು ಮಾತಾಡಿಸಿದರು.

ಫೈಲ್ ಓಡುತ್ತಿರುವಾಗಲೇ ಗಿಡ ನೆಟ್ಟೆವು. ಖಾಲಿ ಬಿಟ್ಟರೆ ಕಸ ಬೀಳುತ್ತದೆ, ಅಲ್ವಾ? ಅಲ್ಲೂ ಮೊದಲು ಎಡವಿದೆವು. ಹುಲ್ಲುಹಾಸಿಗೆ 22 ಸಾವಿರ ಸುರಿದೆವು. 2019ರ ಬೇಸಿಗೆಯಲ್ಲಿ ಊರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನ ನೀರಿಗೆ ರೇಷನ್ ಬಂತು, ಹುಲ್ಲೆಲ್ಲ ಒಣಗಿತು. ಗುಲ್‌ಮೊಹರ್ ಆಟಿ ತಿಂಗಳ (ಜುಲೈ-ಆಗಸ್ಟ್) ಗಾಳಿಮಳೆಗೆ ಮಗುಚಿತು.

ಮತ್ತೆ ಊರಿನದೇ ಮರಗಳಾದ ರೆಂಜೆ, ಹೊನ್ನೆ, ನೇರಳೆ, ಪುನರ್ಪುಳಿ ಗಿಡ ತಂದೆವು. ಅಡಿಯಲ್ಲೆಲ್ಲ ಮುರಕಲ್ಲು (ಕೆಂಪುಕಲ್ಲು), ಪಿಕ್ಕಾಸಿನಲ್ಲಿ ಒಂದು ಗುಂಡಿಗೆ ಅರ್ಧ ದಿನ. ಇಲ್ಲೊಂದು ಪರೀಕ್ಷೆ ಮಾಡಿದೆ. 20 ಗುಂಡಿಗೆ ತೆಂಗಿನ ಸಿಪ್ಪೆ ತುಂಬಿದೆ, 20ಕ್ಕೆ ಸುಮ್ನೆ ಮಣ್ಣು. ಎರಡನೇ ಬೇಸಿಗೆ ದಾಟಿದಾಗ ಸಿಪ್ಪೆಯದ್ದರಲ್ಲಿ 17 ಉಳಿದಿದ್ದವು, ಮಣ್ಣಿನದ್ದರಲ್ಲಿ ಎಂಟೋ ಒಂಬತ್ತೋ. ಸಿಪ್ಪೆಯನ್ನು ಕವುಚಿ ಹಾಕಬೇಡಿ, ಬಟ್ಟಲಿನ ಹಾಗೆ ಒಳಮೈ ಮೇಲೆ ಬರುವಂತೆ ಇಡಿ. ನೆರಳಿಗೆಂದು ಬದಿಯಲ್ಲಿ ಬಾಳೆಯನ್ನೂ ನೆಟ್ಟಿದ್ದೆ. ಒಂದು ವರ್ಷ ಚೆನ್ನಾಗಿತ್ತು, ಆಮೇಲೆ ಕಂದುಗಳು ಜಾಸ್ತಿಯಾಗಿ ಗಿಡವನ್ನೇ ಮುಚ್ಚಿದವು. ಕಿತ್ತು ಹಾಕಿದೆ.

ಒಟ್ಟು ನಮ್ಮ ಜೇಬಿನಿಂದ ಲಕ್ಷದ ಹತ್ತಿರ ಹೋಗಿದೆ. ಅರ್ಧಕ್ಕರ್ಧ ಮೇಲೆ ಹೇಳಿದ ತಪ್ಪುಗಳಿಗೆ. ಆವರಣ ಗೋಡೆ, ಗೇಟು ಪಾಲಿಕೆಯ ದುಡ್ಡಿನಲ್ಲೇ ಆಯಿತು. ಒತ್ತುವರಿಯಾಗಿದ್ದ 7 ಸೆಂಟ್ಸ್ ಕೂಡ ಗೋಡೆಯ ಒಳಗೇ ಬಂತು. ಈಗ ಎರಡನೇ ಜಾಗದ ನಕ್ಷೆ ಕೈಗೆ ಸಿಕ್ಕಿದೆ, ಬರುವ ಭಾನುವಾರ ಟೇಪ್ ತೆಗೆದುಕೊಂಡು ಹೋಗುತ್ತೇವೆ.