ಒಂದು ಹಾಳೆ, ಎಂಟು ಪುಟ: ಮಗುವೇ ಬರೆದು ಓದುವ ಪುಸ್ತಕ

ಎರಡನೇ, ಮೂರನೇ ತರಗತಿಯ ಮಗು ಕನ್ನಡ ಪುಸ್ತಕ ಕಂಡರೆ ಮುಖ ತಿರುಗಿಸುತ್ತಿದ್ದರೆ, ಅದು ಎಲ್ಲಿ ತಡವರಿಸುತ್ತಿದೆ ಎಂದು ಮೊದಲು ನೋಡಿ. ಎಷ್ಟೋ ಸಲ ತೊಡಕು ಇರುವುದು ಒತ್ತಕ್ಷರದಲ್ಲಿ. ಸಾಲಿನ ಕೆಳಗೆ ಬೆರಳಿಟ್ಟು ಓದು ಎನ್ನುತ್ತೇವೆ. ಆ ಬೆರಳೇ ಒತ್ತನ್ನು ಮುಚ್ಚಿ ‘ಅಕ್ಕ’ ‘ಅಕ’ ಆಗುತ್ತದೆ. ಬೆರಳಿನ ಬದಲು ಹಳೆಯ ಲಗ್ನಪತ್ರಿಕೆಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಒತ್ತು ಪೂರ್ತಿ ಕಾಣುವಷ್ಟು ಕೆಳಗೆ ಹಿಡಿಸಿ.

ಇನ್ನೊಂದು ತೊಡಕು ಪುಸ್ತಕದ ಭಾಷೆ. ಮನೆಯಲ್ಲಿ ‘ಹೊಂಟೀನಿ’ ಎನ್ನುವ ಮಗುವಿಗೆ ‘ಹೊರಟಿದ್ದೇನೆ’ ಎಂಬುದು ಅರ್ಧ ಪರಭಾಷೆ. ಅದಕ್ಕೇ ದಿನಕ್ಕೆ ಹದಿನೈದು ನಿಮಿಷ ನೀವೇ ಗಟ್ಟಿಯಾಗಿ ಓದಬೇಕು. ಪುಸ್ತಕ ಇಬ್ಬರಿಗೂ ಕಾಣುವಂತೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ನೀವು ಒಂದು ಪುಟ ಓದಿದರೆ ಮಗು ಒಂದೇ ಸಾಲು ಓದಲಿ. ಮುಗಿದ ಮೇಲೆ ‘ಈ ಕಥೆಯ ನೀತಿ ಏನು?’ ಎಂದು ಮಾತ್ರ ಕೇಳಬೇಡಿ. ಆ ಒಂದು ಪ್ರಶ್ನೆಗೆ ಓದು ಪರೀಕ್ಷೆಯಾಗಿಬಿಡುತ್ತದೆ.

ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳು ಬಿಟ್ಟಿಯಾಗಿ ಸಿಗುತ್ತವೆ. ಒಂದು ಪುಟದಲ್ಲಿ ಗೊತ್ತಿಲ್ಲದ ಪದಕ್ಕೊಂದು ಬೆರಳು ಮಡಚಲಿ. ಐದೂ ಮಡಚಿದರೆ ಆ ಪುಸ್ತಕವನ್ನು ಸದ್ಯಕ್ಕೆ ನೀವೇ ಓದಿ ಹೇಳಿ.

ಇನ್ನು ಬರೆಯುವುದು. ಗೀಟಿನ ನೋಟ್‌ಬುಕ್ ಕೊಟ್ಟರೆ ಮಗು ಹೋಮ್‌ವರ್ಕ್ ಎಂದುಕೊಳ್ಳುತ್ತದೆ. ಒಂದು ಎ4 ಹಾಳೆ ತೆಗೆದುಕೊಳ್ಳಿ, ಜೆರಾಕ್ಸ್ ಹಾಳೆಯೇ ಸಾಕು. ಡ್ರಾಯಿಂಗ್ ಶೀಟ್ ದಪ್ಪವಾಗಿ ಮಡಿಕೆ ಕೂರುವುದಿಲ್ಲ. ಉದ್ದುದ್ದಕ್ಕೆ ಅರ್ಧ ಮಡಚಿ ಬಿಚ್ಚಿ. ಈಗ ಅಡ್ಡಕ್ಕೆ ಅರ್ಧ, ಮತ್ತೆ ಅರ್ಧ ಮಡಚಿ ಬಿಚ್ಚಿದರೆ ಎಂಟು ಮನೆಗಳು ಮೂಡುತ್ತವೆ. ಪುನಃ ಅಡ್ಡಕ್ಕೆ ಒಮ್ಮೆ ಮಾತ್ರ ಮಡಚಿ, ಮಡಿಕೆ ಇರುವ ಅಂಚಿನಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು, ಅಂದರೆ ಸುಮಾರು 7.4 ಸೆಂ.ಮೀ., ಕತ್ತರಿಸಿ. ತಪ್ಪುವುದು ಇಲ್ಲೇ: ಬಿಡಿ ಅಂಚಿನಿಂದ ಕತ್ತರಿ ಹಾಕಿದರೆ ಸೀಳು ನಡುವೆ ಬರುವುದಿಲ್ಲ, ತುದಿತನಕ ಎಳೆದರೆ ಹಾಳೆ ಎರಡು ತುಂಡು. ಬಿಚ್ಚಿ, ಉದ್ದುದ್ದಕ್ಕೆ ಮಡಚಿ, ಎರಡೂ ತುದಿಗಳನ್ನು ಒಳಕ್ಕೆ ನೂಕಿ. ಸೀಳು ಬಾಯಿ ತೆರೆದು ನಾಲ್ಕು ರೆಕ್ಕೆಗಳಾಗುತ್ತವೆ. ಅವನ್ನು ಒಂದೇ ಕಡೆಗೆ ಸುತ್ತಿದರೆ ಅಂಗೈಯಗಲದ ಪುಸ್ತಕ. ಹಾಳೆಯ ಹಿಂಬದಿ ಒಳಗೇ ಅಡಗುವುದರಿಂದ ಸ್ಕೆಚ್ ಪೆನ್ನು ಇಂಗಿದರೂ ಚಿಂತೆಯಿಲ್ಲ.

ಮೊದಲ ಪುಟ ರಕ್ಷಾಪುಟ, ಕೊನೆಯದು ಬೆನ್ನುಪುಟ. ಉಳಿಯುವುದು ಆರು, ಪುಟಕ್ಕೆ ಒಂದು ಚಿತ್ರ, ಒಂದೆರಡು ಸಾಲು. ‘ನಮ್ಮ ಶಾಲೆ’, ‘ಹಸು’ ಎಂದರೆ ಗೈಡ್‌ನಲ್ಲಿರುವುದೇ ಇಳಿಯುತ್ತದೆ. ‘ಅಜ್ಜಿಯ ಎಲೆಅಡಿಕೆ ಚೀಲದೊಳಗೆ ಯಾರೋ ಮನೆ ಮಾಡಿದ್ದಾರೆ, ಯಾರು?’ ಎಂದು ಕೇಳಿ ನೋಡಿ. ಮುಂದೆ ಓಡದಿದ್ದರೆ ಎರಡೇ ಪ್ರಶ್ನೆ: ಅದಕ್ಕೆ ಏನು ಬೇಕು? ಯಾರು ಅಡ್ಡ ಬಂದರು? ಉತ್ತರ ನೀವು ಹೇಳಿಕೊಡಬೇಡಿ. ಎರಡು ನಿಮಿಷ ಸುಮ್ಮನಿರುವುದು ದೊಡ್ಡವರಿಗೆ ಕಷ್ಟವೇ.

ಮನೆಮಾತಿನಲ್ಲೇ ಬರೆಯಲಿ. ‘ಹೋಗ್ತಾ ಇತ್ತು’ ಎಂದಿದ್ದರೆ ಇರಲಿ. ‘ಹಾಲು’ ‘ಆಲು’ ಆಗಿದ್ದರೂ ಕೆಂಪು ಪೆನ್ನು ಎತ್ತಬೇಡಿ. ತಿದ್ದುವ ಕೈ ಕಂಡ ಮಗು ಮುಂದಿನ ಸಲ ತನಗೆ ಕಾಗುಣಿತ ಗೊತ್ತಿರುವ ಪದಗಳನ್ನಷ್ಟೇ ಬಳಸುತ್ತದೆ, ಕಥೆ ಬಡವಾಗುತ್ತದೆ. ಮೂರ್ನಾಲ್ಕು ಪುಸ್ತಕವಾದ ಮೇಲೆ, ಪದೇ ಪದೇ ಬರುವ ಒಂದೇ ತಪ್ಪನ್ನು ಬೇರೆ ಹೊತ್ತಿನಲ್ಲಿ, ಬೇರೆ ಹಾಳೆಯಲ್ಲಿ ತೋರಿಸಿ. ಪುಣೆಯಲ್ಲೋ ದುಬೈಯಲ್ಲೋ ಬೆಳೆಯುತ್ತಾ ಕನ್ನಡ ಮಾತಾಡಬಲ್ಲ, ಬರೆಯಲಾರದ ಮಗುವಾದರೆ ಅದು ಹೇಳಲಿ, ನೀವು ಹೇಳಿದ ಹಾಗೆಯೇ ಬರೆದುಕೊಳ್ಳಿ. ತನ್ನದೇ ಮಾತಾದ್ದರಿಂದ ಅರ್ಧ ನೆನಪಿನಿಂದ, ಅರ್ಧ ಅಕ್ಷರದಿಂದ ಓದಿಕೊಳ್ಳುತ್ತದೆ.

ಬೆನ್ನುಪುಟದಲ್ಲಿ ಬರೆದವರ ಹೆಸರು, ತಾರೀಖು, ಬೆಲೆ ಇರಲಿ. ಬೆಲೆಯನ್ನು ಮಗುವೇ ಕಟ್ಟಲಿ, ಸಾವಿರ ರೂಪಾಯಿ ಎಂದರೂ ಚೌಕಾಸಿ ಬೇಡ. ರಾತ್ರಿಯ ಹದಿನೈದು ನಿಮಿಷಕ್ಕೆ ಗ್ರಂಥಾಲಯದ ಪುಸ್ತಕದ ಜೊತೆ ಇದನ್ನೂ ಇಟ್ಟುಕೊಳ್ಳಿ; ಇದನ್ನು ಓದುವ ಸರದಿ ಪೂರ್ತಿ ಮಗುವಿನದು.