ಹಸಿರು ಗೆರೆ ಬಿದ್ದ ಫೋನು, ವಕೀಲರಿಲ್ಲದೆ ನಡೆಸಿದ ಕೇಸು

ಚನ್ನರಾಯಪಟ್ಟಣದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಒಡೆದ ಡಿಸ್‌ಪ್ಲೇ, ಉಬ್ಬಿದ ಬ್ಯಾಟರಿ, ನೀರು ಕುಡಿದ ಬೋರ್ಡು ಇವೇ ದಿನದ ಕೆಲಸ. ಹೊಸ ಫೋನುಗಳ ಸುದ್ದಿ ಓದುತ್ತೇನೆ, ಅನ್‌ಬಾಕ್ಸಿಂಗ್ ವಿಡಿಯೊಗಳನ್ನೂ ನೋಡುತ್ತೇನೆ, ವ್ಯಾಪಾರಕ್ಕೆ ಬೇಕಲ್ಲ. ಎಷ್ಟು ಮೆಗಾಪಿಕ್ಸೆಲ್, ಎಷ್ಟು ನಿಟ್ಸ್, ಎಷ್ಟು ನಿಮಿಷಕ್ಕೆ ಚಾರ್ಜು, ಎಲ್ಲ ಹೇಳುತ್ತಾರೆ. ವಾರಂಟಿ ಕಾಗದ ಬಿಡಿಸಿ ಓದಿ ಹೇಳಿದವರನ್ನು ನಾನಂತೂ ನೋಡಿಲ್ಲ. ಕೆಟ್ಟ ಫೋನು ಹಿಡಿದುಕೊಂಡು ಬರುವವರನ್ನೇ ನೋಡುತ್ತಾ ಕೂತಿರುವ ನನಗೆ ಆ ಕಾಗದದ್ದೇ ಯೋಚನೆ. ನಮ್ಮ ಮನೆಯ ಫೋನಿನ ವಿಷಯದಲ್ಲೇ ಕಂಪನಿಯನ್ನು ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದ ಮುಂದೆ ನಿಲ್ಲಿಸಬೇಕಾಗಿ ಬಂತು. ವಕೀಲರನ್ನು ಇಟ್ಟುಕೊಳ್ಳದೆ ಅದನ್ನು ಹೇಗೆ ನಡೆಸಿದೆ ಎಂದು ಬರೆಯುತ್ತಿದ್ದೇನೆ.

ಫೋನು ನಮ್ಮ ಮನೆಯವರದು, 32,000 ರೂಪಾಯಿಯದು, ಆನ್‌ಲೈನ್‌ನಲ್ಲಿ ತರಿಸಿದ್ದು. ವಾರಂಟಿ ಇನ್ನೂ ಉಳಿದಿತ್ತು. ಒಂದು ರಾತ್ರಿ ಸಾಫ್ಟ್‌ವೇರ್ ಅಪ್‌ಡೇಟ್ ಆಯಿತು, ಬೆಳಿಗ್ಗೆ ನೋಡಿದರೆ ಪರದೆಯ ಬಲಗಡೆ ಮೇಲಿನಿಂದ ಕೆಳಗಿನವರೆಗೆ ಒಂದು ಹಸಿರು ಗೆರೆ. ಈ ಗೆರೆಯ ಫೋನುಗಳು ನನ್ನ ಅಂಗಡಿಗೆ ಬೇಕಾದಷ್ಟು ಬಂದಿವೆ. ಅಮೊಲೆಡ್ ಪರದೆಯಲ್ಲಿ ಒಂದೊಂದು ಸಾಲು ಪಿಕ್ಸೆಲ್‌ಗೂ ಪರದೆಯನ್ನು ನಡೆಸುವ ಡ್ರೈವರ್ ಚಿಪ್ಪಿನಿಂದ ಕೂದಲಿಗಿಂತ ತೆಳುವಾದ ದಾರಿಯಲ್ಲಿ ಸಿಗ್ನಲ್ ಹೋಗಬೇಕು. ಪರದೆಯ ಅಂಚಿನಲ್ಲಿ ಮಡಚಿದ ಫ್ಲೆಕ್ಸಿನ, ಅಂದರೆ ಬಾಗುವ ತೆಳು ಪಟ್ಟಿಯ, ಬಳಿ ಆ ಬೆಸುಗೆ ಎಲ್ಲಾದರೂ ಬಿಟ್ಟುಕೊಂಡರೆ ಆ ಸಾಲು ಪೂರ್ತಿ ಒಂದೇ ಬಣ್ಣಕ್ಕೆ ನಿಂತುಬಿಡುತ್ತದೆ. ಅಪ್‌ಡೇಟ್ ಆಗುವಾಗ ಫೋನು ಬಿಸಿಯಾಗುವುದು ಎಲ್ಲರಿಗೂ ಗೊತ್ತು. ಮೊದಲೇ ಸಡಿಲವಾಗಿದ್ದ ಬೆಸುಗೆ ಆ ಬಿಸಿಗೆ ಬಿಡುತ್ತದೆ ಎನ್ನುವುದು ನನ್ನ ಲೆಕ್ಕ.

ಹೀಟ್ ಗನ್ ಇಟ್ಟು ಬ್ಯಾಕ್ ಪ್ಯಾನೆಲ್ ಎಬ್ಬಿಸಿದ್ದರೆ ಅರ್ಧ ಗಂಟೆಯಲ್ಲಿ ನಾನೇ ಪರದೆ ಬದಲಿಸಬಹುದಿತ್ತು. ಮನೆಯವರೂ ಅದನ್ನೇ ಹೇಳಿದರು, "ಊರೋರಿಗೆಲ್ಲ ಮಾಡಿಕೊಡ್ತೀರ, ನನ್ನದಕ್ಕೆ ಯಾಕೆ ಕೈ ಹಾಕಲ್ಲ?" ಕೈ ಹಾಕಿದ್ದರೆ ಅಲ್ಲಿಗೆ ಮುಗಿಯಿತು. ಸ್ಕ್ರೂ ಮೇಲಿನ ಸೀಲು ಒಮ್ಮೆ ಹರಿದರೆ ಆಮೇಲೆ ಯಾರು ಏನು ಹೇಳಿದರೂ ಕಂಪನಿ ಕೇಳುವುದಿಲ್ಲ.

ಬಿಚ್ಚುವ ಬದಲು ಫೋಟೊ ತೆಗೆದೆ. ಇಲ್ಲೊಂದು ವಿಷಯ ಗಮನಿಸಿ: ಸ್ಕ್ರೀನ್‌ಶಾಟ್ ತೆಗೆದರೆ ಗೆರೆ ಬರುವುದೇ ಇಲ್ಲ. ಸ್ಕ್ರೀನ್‌ಶಾಟ್ ಹುಟ್ಟುವುದು ಫೋನಿನ ಮೆಮೊರಿಯಲ್ಲಿ, ಗೆರೆ ಇರುವುದು ಪರದೆಯಲ್ಲಿ. ಎಷ್ಟೋ ಜನ ಕಂಪನಿಗೆ ಸ್ಕ್ರೀನ್‌ಶಾಟ್ ಕಳಿಸಿ "ನಿಮ್ಮ ಚಿತ್ರದಲ್ಲಿ ತೊಂದರೆ ಏನೂ ಕಾಣುತ್ತಿಲ್ಲ" ಅನ್ನಿಸಿಕೊಂಡಿದ್ದಾರೆ. ನಾನು ಇನ್ನೊಂದು ಫೋನಿನಿಂದ ವಿಡಿಯೊ ಮಾಡಿದೆ. ಫೋನು ಆಫ್ ಮಾಡಿ, ಆನ್ ಮಾಡಿ, ಕಂಪನಿಯ ಲೋಗೊ ಬರುವಾಗಲೇ ಗೆರೆ ಕಾಣುವಂತೆ ಹಿಡಿದೆ. ಆಪ್‌ಗಳು ಇನ್ನೂ ಏಳುವ ಮೊದಲೇ ಗೆರೆ ಇದೆ ಎಂದರೆ ತೊಂದರೆ ಯಾವುದೋ ಆಪ್‌ನದಲ್ಲ ಎಂದು ಕಣ್ಣಿಗೇ ಕಾಣುತ್ತದೆ. ಆಮೇಲೆ ಸಿಮ್ ಟ್ರೇ ಹೊರಗೆಳೆದು, ಟಾರ್ಚ್ ಬಿಟ್ಟು, ಒಳಗಿನ ಪುಟ್ಟ ಬಿಳಿ ಸ್ಟಿಕರ್‌ನ ಫೋಟೊ ತೆಗೆದೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. ನಮ್ಮದು ಬೆಳ್ಳಗೇ ಇತ್ತು. ನಾಲ್ಕು ಮೂಲೆ, ನಾಲ್ಕು ಅಂಚು, ಹಿಂಬದಿ ಎಲ್ಲವನ್ನೂ ಹಗಲು ಬೆಳಕಿನಲ್ಲಿ ತೆಗೆದೆ. ಕೆಳಗಿನ ಮೂಲೆಯಲ್ಲಿ ಸಾಸಿವೆಯಷ್ಟು ಬಣ್ಣ ಹೋಗಿತ್ತು. ಅದರ ಫೋಟೊವನ್ನೂ ಇಟ್ಟುಕೊಂಡೆ, ಮುಚ್ಚಿಡಲಿಲ್ಲ.

ಸರ್ವಿಸ್ ಸೆಂಟರಿನವರು ಹಿಡಿದುಕೊಂಡದ್ದು ಆ ಸಾಸಿವೆಯನ್ನೇ. ಕೌಂಟರಿನ ಹುಡುಗ ಒಳಗೆ ಹೋಗಿ ಬಂದು, "ಸರ್, ಸಿಸ್ಟಮ್‌ನಲ್ಲಿ ಸಿಐಡಿ ಅಂತ ಬಂದಿದೆ, ವಾರಂಟಿ ಕವರ್ ಆಗಲ್ಲ" ಎಂದ. ಸಿಐಡಿ ಎಂದರೆ ಪೊಲೀಸರಲ್ಲ, ಕಸ್ಟಮರ್ ಇಂಡ್ಯೂಸ್ಡ್ ಡ್ಯಾಮೇಜ್. ನೀವೇ ಕೆಡಿಸಿದ್ದೀರಿ ಎಂದು. ಪರದೆಗೆ ಫೋನಿನ ಬೆಲೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೇಳಿದರು. ನಾನು ಜಗಳ ಆಡಲಿಲ್ಲ. "ಆಯ್ತು ತಮ್ಮಾ, ಅದನ್ನೇ ಜಾಬ್ ಶೀಟಿನಲ್ಲಿ ಬರೆದು, ಸೀಲು ಹಾಕಿ ಕೊಡು" ಎಂದೆ. ಅವನು ಮ್ಯಾನೇಜರ್ ಮುಖ ನೋಡಿದ, ಮ್ಯಾನೇಜರ್ ನನ್ನ ಮುಖ ನೋಡಿದರು. ಕೊನೆಗೆ ಬರೆದು ಕೊಟ್ಟರು: ಮೂಲೆಯಲ್ಲಿ ಗೀರು, ನೀರಿನ ಗುರುತು ಇಲ್ಲ, ಪರದೆಯಲ್ಲಿ ಲಂಬ ಗೆರೆ, ಗಾಜು ಒಡೆದಿಲ್ಲ. ಈ ನಾಲ್ಕು ಮಾತು ಅವರ ಕೈಬರಹದಲ್ಲೇ ಬಂದದ್ದರಿಂದ ಮುಂದಿನ ದಾರಿ ಸುಲಭವಾಯಿತು. ಕೌಂಟರಿನಲ್ಲಿ ಕೂಗಾಡಿ ಬರಿಗೈಯಲ್ಲಿ ಬರುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಕೂಗಾಟಕ್ಕೆ ದಾಖಲೆ ಇರುವುದಿಲ್ಲ.

ಅಲ್ಲಿಂದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ ದೂರು ಬರೆಸಿದೆ. ಅದಕ್ಕೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಕಂಪನಿಗೆ ದಾಟಿಸಿ ಉತ್ತರ ತರಿಸುತ್ತದೆ ಅಷ್ಟೆ. ಎಷ್ಟೋ ದೂರುಗಳು ಅಲ್ಲೇ ಬಗೆಹರಿಯುತ್ತವೆ, ನನ್ನದು ಬಗೆಹರಿಯಲಿಲ್ಲ. ಕಂಪನಿ ಅದೇ ಸಿಐಡಿ ಪಾಠ ಒಪ್ಪಿಸಿತು. ಆದರೆ ಆ ಪಾಠವೂ ಲಿಖಿತವಾಗಿ ನನ್ನ ಕೈಗೆ ಬಂತು. ಆಮೇಲೆ ತಯಾರಕ ಕಂಪನಿ, ಮಾರಿದ ಸಂಸ್ಥೆ, ಸರ್ವಿಸ್ ಸೆಂಟರ್ ಮೂವರಿಗೂ ಸ್ಪೀಡ್ ಪೋಸ್ಟಿನಲ್ಲಿ ಒಂದು ಪುಟದ ನೋಟಿಸ್ ಕಳಿಸಿದೆ. ಆನ್‌ಲೈನ್‌ನಲ್ಲಿ ಕೊಂಡವರು ಇನ್‌ವಾಯ್ಸ್‌ನಲ್ಲಿ ಮಾರಾಟಗಾರನ ಹೆಸರು ನೋಡಿಕೊಳ್ಳಬೇಕು. ನಾವು ಆಪ್‌ನ ಹೆಸರು ಹೇಳುತ್ತಿರುತ್ತೇವೆ, ಬಿಲ್ಲಿನಲ್ಲಿ ನಾವು ಕೇಳಿಯೇ ಇರದ ಯಾವುದೋ ಕಂಪನಿ ಇರುತ್ತದೆ. ಎದುರುದಾರನ ಹೆಸರು, ವಿಳಾಸ ತಪ್ಪಿದರೆ ನೋಟಿಸ್ ವಾಪಸ್ ಬಂದು ಅದಕ್ಕೇ ತಿಂಗಳುಗಟ್ಟಲೆ ಹೋಗುತ್ತದೆ.

ಕಾನೂನು ಓದಿಕೊಂಡದ್ದು ಅಂಗಡಿಯಲ್ಲೇ, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಜಾರಿಗೆ ಬಂದದ್ದು 2020ರ ಜುಲೈಯಲ್ಲಿ. ನನ್ನಂಥವನಿಗೆ ಅದರಲ್ಲಿ ಬೇಕಾದ್ದು ಕೆಲವೇ ಕಲಂಗಳು. 34ನೇ ಕಲಂ ಪ್ರಕಾರ ದೂರುದಾರ ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಬಿಲ್ಲಿನ ಕೆಳಗೆ ಯಾವುದೋ ಮಹಾನಗರದ ಹೆಸರು ಬರೆದು "ಅಲ್ಲಿನ ನ್ಯಾಯಾಲಯಕ್ಕೆ ಮಾತ್ರ" ಎಂದಿದ್ದನ್ನು ನೋಡಿ ಹೆದರಬೇಕಾಗಿಲ್ಲ. ನಾನು ಹಾಸನಕ್ಕೇ ಹೋದೆ. 69ನೇ ಕಲಂ ಎರಡು ವರ್ಷದ ಗಡುವು ಹೇಳುತ್ತದೆ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ನಮ್ಮ ಊರಿನಲ್ಲಿ ಕೇಸು ಎಂದರೆ ಗದ್ದೆ ಮಾರಬೇಕು ಎನ್ನುವವರಿಗೆ ಇದನ್ನು ಹೇಳಿದರೆ ಇವತ್ತಿಗೂ ನಂಬುವುದಿಲ್ಲ. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್ ಬಂದಿದೆ, ಮನೆಯಲ್ಲೇ ಕೂತು ದೂರು ಅಪ್‌ಲೋಡ್ ಮಾಡಬಹುದು.

ದೂರು ಬರೆಯುವಾಗ ತುಂಬಾ ಹೊತ್ತು ತೆಗೆದುಕೊಂಡದ್ದು ಒಂದೇ ವಾಕ್ಯ. "ಅಪ್‌ಡೇಟ್‌ನಿಂದ ಗೆರೆ ಬಿತ್ತು" ಎಂದು ಬರೆಯಲು ಕೈ ತುರಿಸುತ್ತಿತ್ತು. ಬರೆಯಲಿಲ್ಲ. ಬರೆದರೆ ಅದನ್ನು ಸಾಬೀತು ಮಾಡುವ ಹೊಣೆಯೂ ನನ್ನ ತಲೆಗೇ. 2018ರಲ್ಲಿ ವ್ಯಾಪಾರದ ಪೈಪೋಟಿ ನೋಡಿಕೊಳ್ಳುವ ಇಟಲಿಯ ಸ್ಪರ್ಧಾ ಪ್ರಾಧಿಕಾರ, ಅಪ್‌ಡೇಟ್‌ಗಳಿಂದ ಹಳೆಯ ಫೋನು ನಿಧಾನವಾಯಿತು ಎಂದು ಆ್ಯಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತ್ತು. ಆದರೆ ಅದು ಸರ್ಕಾರಿ ಸಂಸ್ಥೆ. ಕಂಪನಿಯಿಂದ ಕಾಗದಪತ್ರ ತರಿಸಿ ನೋಡುವ ಶಕ್ತಿ ಅದಕ್ಕಿದೆ. ನನ್ನ ಹತ್ತಿರ ಇರುವುದು ಸ್ಕ್ರೂಡ್ರೈವರ್. ಹಾಗಾಗಿ ಇಷ್ಟೇ ಬರೆದೆ: ಅಪ್‌ಡೇಟ್ ಆದ ಮರುದಿನ ಗೆರೆ ಕಾಣಿಸಿತು, ಗಾಜು ಒಡೆದಿಲ್ಲ, ನೀರು ತಾಗಿಲ್ಲ, ಫೋನನ್ನು ಯಾರೂ ಬಿಚ್ಚಿಲ್ಲ, ಮೂಲೆಯ ಗೀರಿಗೂ ಪರದೆಯ ಗೆರೆಗೂ ಏನು ಸಂಬಂಧ ಎಂದು ಸರ್ವಿಸ್ ಸೆಂಟರ್ ಎಲ್ಲೂ ಹೇಳಿಲ್ಲ. ಈಗ ಆ ಸಂಬಂಧ ತೋರಿಸುವ ಕೆಲಸ ಅವರದಾಯಿತು.

ಪರಿಹಾರದಲ್ಲೂ ಅತಿಯಾಸೆ ಪಡಲಿಲ್ಲ. ವಾರಂಟಿಯಡಿ ಹೊಸ ಪರದೆ, ಅದಾಗದಿದ್ದರೆ ಬಡ್ಡಿ ಸಮೇತ ಹಣ, ಓಡಾಟದ ಖರ್ಚು, ತೊಂದರೆಗೆ ಒಂದಿಷ್ಟು. ಮೂವತ್ತೆರಡು ಸಾವಿರದ ಫೋನಿಗೆ ಹತ್ತು ಲಕ್ಷ ಮಾನಸಿಕ ಯಾತನೆ ಎಂದು ಬರೆದರೆ ಓದುವವರಿಗೆ ನಮ್ಮ ಉಳಿದ ಮಾತಿನ ಮೇಲೂ ಅನುಮಾನ ಬರುತ್ತದೆ. ದೂರು, ಅಫಿಡವಿಟ್ಟು ಕನ್ನಡದಲ್ಲೇ ಬರೆದೆ. ವಿಡಿಯೊ ಪೆನ್ ಡ್ರೈವಿನಲ್ಲಿ ಹಾಕಿ, ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಜೊತೆಗಿಟ್ಟೆ. ಹಿಂದಿನ ಸಾಕ್ಷ್ಯ ಕಾಯ್ದೆಯಲ್ಲಿ 65ಬಿ ಎನ್ನುತ್ತಿದ್ದದ್ದು 2024ರ ಜುಲೈಯಿಂದ ಹೀಗಾಗಿದೆ.

ನೋಟಿಸ್ ಮುಟ್ಟಿದ ಮೇಲೆ ಎದುರುದಾರರು 30 ದಿನದೊಳಗೆ ತಕರಾರು ಸಲ್ಲಿಸಬೇಕು, ಆಯೋಗ ಇನ್ನು 15 ದಿನ ಕೊಡಬಹುದು, ಅದರ ಮೇಲೆ ಒಂದು ದಿನವೂ ಇಲ್ಲ. ಹಳೆಯ ಕಾಯ್ದೆಯಲ್ಲೂ ಗಡುವು ಇಷ್ಟೇ ಇತ್ತು; ಅದನ್ನು ಸಡಿಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲೇ ಹೇಳಿದೆ. ಕಂಪನಿಯ ವಕೀಲರು ವಾಯಿದೆ ಕೇಳಿ, ಗಡುವು ಮುಗಿಯುವ ಹೊತ್ತಿಗೆ ತಕರಾರು ಕೊಟ್ಟರು. ಓದಿ ನಗು ಬಂತು. "ದೂರುದಾರರೇ ಮೊಬೈಲ್ ರಿಪೇರಿ ಅಂಗಡಿ ನಡೆಸುವವರಾದ್ದರಿಂದ ಫೋನನ್ನು ಸ್ವತಃ ಬಿಚ್ಚಿರುವ ಸಾಧ್ಯತೆ ಇದೆ" ಎಂದು ಬರೆದಿದ್ದರು. ಬಿಚ್ಚದೆ ಇಟ್ಟದ್ದು ಇದಕ್ಕೇ. ಅವರದೇ ಸರ್ವಿಸ್ ಸೆಂಟರ್ ಫೋನನ್ನು ಪರೀಕ್ಷೆ ಮಾಡಿ ಕೊಟ್ಟ ಜಾಬ್ ಶೀಟಿನಲ್ಲಿ ಸೀಲು ಹರಿದಿದೆ ಎಂಬ ಮಾತೇ ಇರಲಿಲ್ಲ. ಫೋನು ವ್ಯಾಪಾರಕ್ಕೆ ಕೊಂಡದ್ದು, ಹಾಗಾಗಿ ನಾನು ಗ್ರಾಹಕನೇ ಅಲ್ಲ ಎಂಬ ವಾದವೂ ಇತ್ತು. ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ಸಂಖ್ಯೆ ಹಾಕಿಸಿರಲಿಲ್ಲ, ಬಳಸುತ್ತಿದ್ದವರು ಶಾಲೆಯಲ್ಲಿ ಪಾಠ ಮಾಡುವ ನಮ್ಮ ಮನೆಯವರು. ಕೊಂಡವನ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ ಎಂದು ಕಾಯ್ದೆಯಲ್ಲೇ ಇದೆ. ನಾಲ್ಕು ಕಾಸು ತೆರಿಗೆ ಉಳಿಯುತ್ತದೆ ಎಂದು ಮನೆಯ ವಸ್ತುವಿಗೆ ಅಂಗಡಿಯ ಜಿಎಸ್‌ಟಿ ಹಾಕಿಸುವ ಸ್ನೇಹಿತರು ಇದನ್ನು ನೆನಪಿಡಲಿ.

ಅವರ ದೊಡ್ಡ ಅಸ್ತ್ರ ಬೇರೆ. ತಯಾರಿಕೆಯಲ್ಲೇ ದೋಷವಿದೆ ಎನ್ನಲು ತಜ್ಞರ ವರದಿ ಎಲ್ಲಿ? ಫೋನಿನ ಕೇಸುಗಳಲ್ಲಿ ಜನ ಸೋಲುವುದು ಹೆಚ್ಚಾಗಿ ಇಲ್ಲಿ. 38ನೇ ಕಲಂನಲ್ಲಿ ಇದಕ್ಕೆ ದಾರಿ ಇದೆ: ಪರೀಕ್ಷೆ ಮಾಡದೆ ದೋಷ ತಿಳಿಯದು ಎಂದಾದರೆ ಆಯೋಗವೇ ವಸ್ತುವನ್ನು ಸೀಲು ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು. ಶುಲ್ಕ ದೂರುದಾರ ಕಟ್ಟಬೇಕಾಗುತ್ತದೆ. ನಾನು ಅರ್ಜಿ ಹಾಕಿದೆ. ಫೋನು ಇಲ್ಲೇ ಇದೆ, ಶುಲ್ಕ ಕಟ್ಟುತ್ತೇನೆ, ಬಿಚ್ಚುವಾಗ ಕಂಪನಿಯ ಎಂಜಿನಿಯರೂ ಇರಲಿ, ಫ್ಲೆಕ್ಸಿನ ಬೆಸುಗೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಲಿ ಎಂದು. ಏನನ್ನು ನೋಡಬೇಕು ಎಂದು ಬಿಡಿಸಿ ಬರೆದದ್ದು ಮಾತ್ರ ನನ್ನ ಕಸುಬಿನ ಲಾಭ.

ಆ ಅರ್ಜಿಯ ಪ್ರತಿ ಕೈಗೆ ಹೋದ ಮೇಲೆ ಎದುರು ಪಾರ್ಟಿಯ ಧಾಟಿ ಬದಲಾಯಿತು. ವಕೀಲರು ಕಾರಿಡಾರಿನಲ್ಲಿ, "ಯಾಕೆ ಸಾರ್ ಅಷ್ಟು ದೂರ, ಪರದೆ ಹಾಕಿಸಿಕೊಡ್ತೀವಿ, ವಾಪಸ್ ತಗೊಳ್ಳಿ" ಎಂದರು. ಅವರ ಲೆಕ್ಕವೂ ಸರಿಯೇ. ಒಂದು ಮಾಡೆಲ್ಲಿನ ಬೆಸುಗೆ ದೋಷ ಪ್ರಯೋಗಾಲಯದ ವರದಿಯಲ್ಲಿ ಕೂತರೆ ಆಮೇಲೆ ಅದು ನನ್ನೊಬ್ಬನ ಫೋನಿನ ವಿಷಯವಾಗಿ ಉಳಿಯುವುದಿಲ್ಲ. ಸೋತು ಮೇಲ್ಮನವಿ ಹಾಕಬೇಕೆಂದರೂ ಆದೇಶದ ಮೊತ್ತದ ಅರ್ಧ ಮೊದಲು ಕಟ್ಟಬೇಕು. ನಾನು ಕಾರಿಡಾರಿನಲ್ಲಿ ಏನೂ ಒಪ್ಪಲಿಲ್ಲ, ಆಯೋಗದ ಮುಂದೆ ಜಂಟಿ ಮೆಮೊ, ಅಂದರೆ ಎರಡೂ ಕಡೆಯವರ ರಾಜಿ ಪತ್ರ, ಆಗಲಿ ಎಂದೆ. ಅದರಲ್ಲಿ ಬರೆಸಿದ್ದು: ಕಂಪನಿಯ ಅಸಲಿ ಪರದೆ, ಹೊಸ ಪರದೆಗೆ ಬೇರೆಯೇ ವಾರಂಟಿ, ಓಡಾಟದ ಖರ್ಚು, ಮತ್ತು ಸರ್ವಿಸ್ ವರದಿಯಲ್ಲಿ ಸಿಐಡಿ ಎಂಬುದನ್ನು ತೆಗೆದು ವಾರಂಟಿ ರಿಪೇರಿ ಎಂದು ತಿದ್ದುವುದು. ಕೊನೆಯದಕ್ಕೆ ಅವರು ಬಹಳ ಹೊತ್ತು ಒಪ್ಪಲಿಲ್ಲ. ದುಡ್ಡಿಗಿಂತ ಆ ಮೂರಕ್ಷರದ ಮೇಲೆ ಅವರಿಗೆ ಮಮತೆ ಜಾಸ್ತಿ. ಆಮೇಲೆ ಒಪ್ಪಿದರು. ಮೆಮೊ ದಾಖಲಾಯಿತು, ದೂರು ಮುಗಿಯಿತು.

ರಾಜಿಯಾದದ್ದರಿಂದ ದೋಷ ಯಾರದು ಎಂಬ ತೀರ್ಪು ಬರಲಿಲ್ಲ. ಇನ್ನೊಬ್ಬರು ಅದೇ ಮಾಡೆಲ್ ಹಿಡಿದು ಹೋದರೆ ಮೊದಲಿನಿಂದ ಶುರು ಮಾಡಬೇಕು. ಇದು ನನಗೆ ಪೂರ್ತಿ ಸಮಾಧಾನ ಕೊಟ್ಟಿಲ್ಲ. ರಿಪೇರಿಯವನಾಗಿ ಇನ್ನೊಂದು ಮಾತೂ ಇದೆ. ಯುರೋಪಿನಲ್ಲಿ 2025ರ ಜೂನ್ 20ರಿಂದ ಬಂದ ನಿಯಮದಂತೆ ಫೋನಿನ ಬಿಡಿಭಾಗಗಳು ಆ ಮಾಡೆಲ್ ಮಾರಾಟ ನಿಂತ ಮೇಲೂ 7 ವರ್ಷ ಸಿಗಬೇಕು. ಅಮೆರಿಕದ ಆರೆಗಾನ್ ರಾಜ್ಯ 2024ರಲ್ಲಿ, ಅಸಲಿ ಭಾಗ ಹಾಕಿದರೂ ಸಾಫ್ಟ್‌ವೇರ್‌ನಿಂದ ತಡೆಯುವ ಬೀಗಕ್ಕೆ ಕಾನೂನಿನಲ್ಲೇ ಅಡ್ಡ ಬಂತು. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರುವಾಯಿತು, 2025ರ ಮೇ ತಿಂಗಳಲ್ಲಿ ಫೋನುಗಳಿಗೆ ರಿಪೇರಿ ಸೂಚ್ಯಂಕ, ಅಂದರೆ ರಿಪೇರಿ ಎಷ್ಟು ಸುಲಭ ಎಂದು ಹೇಳುವ ಅಂಕ, ಕೊಡಬೇಕೆಂದು ಒಂದು ಸಮಿತಿ ವರದಿ ಕೊಟ್ಟಿತು. ಆ ಅಂಕವನ್ನು ಕಂಪನಿಗಳೇ ತಮಗೆ ತಾವು ಹಾಕಿಕೊಂಡು ಘೋಷಿಸಬೇಕಂತೆ. ಸಾಸಿವೆಯಷ್ಟು ಗೀರಿಗೆ ಸಿಐಡಿ ಬರೆದವರು ತಮ್ಮ ಫೋನಿಗೆ ಎಷ್ಟು ಅಂಕ ಹಾಕಿಕೊಳ್ಳುತ್ತಾರೆ ಎಂದು ನನಗೆ ಕುತೂಹಲ.

ಈಗ ಗೆರೆ ಬಿದ್ದ ಫೋನು ಬಂದರೆ ಮೊದಲು ವಾರಂಟಿ ಇದೆಯೇ ಕೇಳುತ್ತೇನೆ. ಇದ್ದರೆ ಬಿಚ್ಚುವುದಿಲ್ಲ. ಸಿಮ್ ಟ್ರೇ ತೆಗೆದು ಸ್ಟಿಕರ್ ತೋರಿಸಿ, ಲೋಗೊ ಬರುವಾಗಿನ ವಿಡಿಯೊ ಮಾಡಿಕೊಟ್ಟು, ಜಾಬ್ ಶೀಟಿನಲ್ಲಿ ಏನೇನು ಬರೆಸಬೇಕೆಂದು ಒಂದು ಚೀಟಿ ಕೊಟ್ಟು ಸರ್ವಿಸ್ ಸೆಂಟರಿಗೆ ಕಳಿಸುತ್ತೇನೆ. "ಬಂದ ಗಿರಾಕಿನ ಓಡಿಸ್ತಿಯಲ್ಲೋ" ಎಂದು ಪಕ್ಕದಂಗಡಿಯವರು ಬೈಯುತ್ತಾರೆ. ವಾರಂಟಿ ಮುಗಿದವರು ಹೇಗೂ ನನ್ನ ಹತ್ತಿರವೇ ಬರುತ್ತಾರೆ.