ಸಂಬಳ ಚೀಟಿಯಿಲ್ಲದ ಕೃಷಿಕನ ಷೆಂಗೆನ್ ವೀಸಾ

ಕಾಸರಗೋಡಿನ ಮನೆಗಳಲ್ಲಿ ವೀಸಾ ಎಂಬುದು ಹೊಸ ಮಾತೇನಲ್ಲ. ಗಲ್ಫಿಗೆ ಹೋದವರು ಒಬ್ಬರೂ ಇಲ್ಲದ ಕುಟುಂಬ ನಮ್ಮ ಕಡೆ ಅಪರೂಪ. ಆದರೆ ಆ ವೀಸಾ ಬರುವುದು ಆ ಕಡೆಯಿಂದ. ಅಲ್ಲಿಯ ಕಂಪೆನಿಯೋ, ಅಲ್ಲಿರುವ ಮಗನೋ ಕಾಗದಪತ್ರ ಮಾಡಿ ಕಳುಹಿಸುತ್ತಾರೆ. ಇಲ್ಲಿರುವವರು ಪಾಸ್‌ಪೋರ್ಟಿನ ಪ್ರತಿ ಕೊಟ್ಟು ಕಾದರಾಯಿತು. ಯುರೋಪಿನ ಪ್ರವಾಸಿ ವೀಸಾದ ಕ್ರಮ ಬೇರೆ. ನಾವು ಯಾರು, ಖರ್ಚಿನ ಹಣ ಎಲ್ಲಿಂದ ಬರುತ್ತದೆ, ಅಲ್ಲಿ ಏನು ಮಾಡುತ್ತೇವೆ, ಹೋದವರು ಮರಳಿ ಬರುತ್ತೇವೆಂದು ಅವರು ಯಾಕೆ ನಂಬಬೇಕು ಎಂಬುದಕ್ಕೆಲ್ಲ ನಾವೇ ಕಾಗದದಲ್ಲಿ ಉತ್ತರ ಕೊಡಬೇಕು. ನೌಕರಿಯಲ್ಲಿರುವವರು ಸಂಬಳದ ಚೀಟಿ, ರಜೆ ಮಂಜೂರಾತಿ ಮತ್ತು ಮೇಲಧಿಕಾರಿಯ ನಿರಾಕ್ಷೇಪಣಾ ಪತ್ರ ಇಟ್ಟು ಈ ಪ್ರಶ್ನೆಗಳನ್ನು ದಾಟುತ್ತಾರೆ. ಬದಿಯಡ್ಕದ ಸಮೀಪ ಅಡಕೆ ತೋಟ ಮಾಡಿಕೊಂಡಿರುವ ನನ್ನಂಥವರ ಬಳಿ ಈ ಮೂರರಲ್ಲಿ ಒಂದೂ ಇರುವುದಿಲ್ಲ. ಹೆಂಡತಿಯೊಂದಿಗೆ ಸ್ವಿಟ್ಜರ್‌ಲ್ಯಾಂಡ್, ಇಟಲಿ, ಫ್ರಾನ್ಸ್ ನೋಡಿ ಬರಬೇಕೆಂದು ಹೊರಟಾಗ ಆ ಜಾಗವನ್ನು ಯಾವ ಯಾವ ಕಾಗದದಿಂದ ತುಂಬಿದೆ ಎಂಬುದನ್ನು ನಮ್ಮ ಭಾಗದ ಕೃಷಿಕರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ಸಾಮಾನ್ಯ ನಿಯಮಗಳು. ಷೆಂಗೆನ್ ಒಕ್ಕೂಟದಲ್ಲಿ ಈಗ 29 ದೇಶಗಳಿವೆ. ಸ್ವಿಟ್ಜರ್‌ಲ್ಯಾಂಡ್ ಯುರೋಪಿಯನ್ ಒಕ್ಕೂಟದ ಸದಸ್ಯನಲ್ಲದಿದ್ದರೂ ಇದರೊಳಗಿದೆ, ಬ್ರಿಟನ್ ಮತ್ತು ಐರ್ಲೆಂಡ್ ಇಲ್ಲ. ಒಂದು ವೀಸಾದಲ್ಲಿ ಈ ದೇಶಗಳನ್ನೆಲ್ಲ ಸುತ್ತಬಹುದಾದರೂ ಅರ್ಜಿಯನ್ನು ಮನಸ್ಸಿಗೆ ಬಂದ ದೇಶಕ್ಕೆ ಕೊಡುವಂತಿಲ್ಲ. ಎಲ್ಲಿ ಹೆಚ್ಚು ದಿನ ತಂಗುತ್ತೇವೋ ಆ ದೇಶಕ್ಕೆ ಕೊಡಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಮ್ಮ ಯೋಜನೆಯಲ್ಲಿ ಹೆಚ್ಚಿನ ರಾತ್ರಿಗಳು ಸ್ವಿಟ್ಜರ್‌ಲ್ಯಾಂಡಿನಲ್ಲಿದ್ದುದರಿಂದ ಅದಕ್ಕೇ ಅರ್ಜಿ ಹಾಕಿದೆವು. ಇಂಥ ದೇಶದ ವೀಸಾ ಸುಲಭವಾಗಿ ಸಿಗುತ್ತದೆಯಂತೆ ಎಂದು ಅಲ್ಲಿ ಅರ್ಜಿ ಕೊಟ್ಟು ಬೇರೆ ಕಡೆ ಸುತ್ತುವ ಉಪಾಯವನ್ನು ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ಹೋಟೆಲ್ ಬುಕಿಂಗಿನ ದಿನಾಂಕಗಳನ್ನು ಕೂಡಿಸಿ ನೋಡಿದರೆ ಯಾರಿಗಾದರೂ ಗೊತ್ತಾಗುವ ಉಪಾಯ ಅದು. ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೋ. ಅರ್ಜಿ ಸ್ವೀಕರಿಸುವ ಖಾಸಗಿ ಕೇಂದ್ರದ ಸೇವಾಶುಲ್ಕ ಬೇರೆ. ವೀಸಾ ಸಿಗದಿದ್ದರೂ ಈ ಹಣ ಮರಳಿ ಬರುವುದಿಲ್ಲ.

ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಕೊಡಬಹುದು, ಹದಿನೈದು ದಿನಕ್ಕಿಂತ ತಡವಾಗಬಾರದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ. ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನದವರೆಗೂ ಹೋಗಬಹುದು. ಶಾಲೆಯ ರಜೆಗೆ ಹೊಂದಿಸಿ ಎಲ್ಲರೂ ಮೇ ತಿಂಗಳ ಪ್ರವಾಸಕ್ಕೆ ಮುಗಿಬೀಳುವುದರಿಂದ ಬೇಸಗೆಗೆ ಮೊದಲು ಅರ್ಜಿ ಕೇಂದ್ರದಲ್ಲಿ ಸಮಯ ಸಿಗುವುದೇ ಕಷ್ಟ. ನಾವು ಆರಿಸಿಕೊಂಡದ್ದು ಸೆಪ್ಟೆಂಬರ್. ಅದಕ್ಕೆ ತೋಟವೇ ಕಾರಣ. ಮುಂಗಾರಿಗೆ ಮುನ್ನ ಒಂದು ಸಲ, ಸುಮಾರು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಿ ಮುಗಿದ ಮೇಲೆ, ನವೆಂಬರಿನಲ್ಲಿ ಮೊದಲ ಕೊಯ್ಲು ಆರಂಭವಾಗುವ ತನಕ ಅಡಕೆ ಕೃಷಿಕನಿಗೆ ಸ್ವಲ್ಪ ಬಿಡುವು. ನೀರು ಹಾಯಿಸುವ ಚಿಂತೆಯೂ ಆಗ ಇಲ್ಲ. ಈ ಲೆಕ್ಕಾಚಾರ ಅರ್ಜಿಗೂ ಒದಗಿ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಹಣದ ವಿಷಯದಲ್ಲಿ ಕೃಷಿಕನ ತೊಂದರೆ ಹಣವಿಲ್ಲದ್ದಲ್ಲ, ಅದು ಬರುವ ರೀತಿ. ತಿಂಗಳು ತಿಂಗಳು ಒಂದೇ ಮೊತ್ತ ಬೀಳುವ ಖಾತೆಯನ್ನು ನೋಡಿ ಅಭ್ಯಾಸವಾದ ಅಧಿಕಾರಿಗೆ ನಮ್ಮ ಖಾತೆ ವಿಚಿತ್ರವಾಗಿ ಕಾಣುತ್ತದೆ. ತಿಂಗಳುಗಟ್ಟಲೆ ಬರೇ ಖರ್ಚು, ಕೂಲಿ, ಗೊಬ್ಬರ. ಆಮೇಲೆ ಒಂದು ದಿನ ಒಮ್ಮೆಲೇ ಲಕ್ಷಗಟ್ಟಲೆ ಜಮೆ. ಧಾರಣೆ ಏರುವ ತನಕ ಚಾಲಿಯನ್ನು, ಅಂದರೆ ಬಿಸಿಲಲ್ಲಿ ಒಣಗಿಸಿದ ಅಡಕೆಯನ್ನು, ಸುಲಿಯದೆ ಇಟ್ಟುಕೊಂಡು ಹಳತಾದ ಮೇಲೆ ಮಾರುವವರ ಖಾತೆಯಂತೂ ಇನ್ನೂ ಹೀಗೆ. ವೀಸಾಕ್ಕಾಗಿಯೇ ಎಲ್ಲಿಂದಲೋ ತಂದು ಹಾಕಿದ ಹಣವೂ ಬ್ಯಾಂಕಿನ ಹಾಳೆಯಲ್ಲಿ ಥೇಟ್ ಹೀಗೆಯೇ ಕಾಣುತ್ತದೆ. ಆದ್ದರಿಂದ ಪ್ರತಿಯೊಂದು ದೊಡ್ಡ ಜಮೆಯ ಹಿಂದೆ ಒಂದು ಬಿಲ್ಲು ನಿಲ್ಲಬೇಕು. ನಾನು ಅಡಕೆ ಕೊಡುವುದು ಕ್ಯಾಂಪ್ಕೊಗೆ, ಅಂದರೆ ಕರ್ನಾಟಕ ಮತ್ತು ಕೇರಳದ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆಗೆ; ಹಣ ನೇರ ಬ್ಯಾಂಕಿಗೆ ಬರುತ್ತದೆ, ಬಿಲ್ಲಿನಲ್ಲಿ ತೂಕ, ದರ, ದಿನಾಂಕ ಎಲ್ಲ ಇರುತ್ತದೆ. ಆರು ತಿಂಗಳ ಸ್ಟೇಟ್‌ಮೆಂಟಿಗೆ ಬ್ಯಾಂಕಿನ ಸೀಲು, ಸಹಿ ಹಾಕಿಸಿ, ಅದರ ನಕಲು ಪ್ರತಿಯೊಂದರಲ್ಲಿ ದೊಡ್ಡ ಜಮೆಗಳ ಪಕ್ಕ ಒಂದು, ಎರಡು, ಮೂರು ಎಂದು ಪೆನ್ಸಿಲಿನಿಂದ ಬರೆದು, ಅದೇ ಅಂಕಿಗಳನ್ನು ಬಿಲ್ಲುಗಳ ಮೂಲೆಯಲ್ಲೂ ಹಾಕಿದೆ. ಖಾಸಗಿ ವ್ಯಾಪಾರಿಗೆ ನಗದಿಗೆ ಕೊಡುವವರಿಗೆ ಈ ಸೌಕರ್ಯವಿಲ್ಲ. ಪ್ರವಾಸದ ಯೋಚನೆ ಇದ್ದರೆ ಅದರ ಹಿಂದಿನ ವರ್ಷದ ಅಡಕೆಯನ್ನಾದರೂ ಬ್ಯಾಂಕಿನ ಮೂಲಕ ಮಾರುವುದು ಒಳ್ಳೆಯದು.

ಆದಾಯ ತೆರಿಗೆಯ ರಿಟರ್ನ್ ಇನ್ನೊಂದು ಸಂಗತಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಂದ ವಿನಾಯಿತಿ ಇರುವುದರಿಂದ ನಮ್ಮಲ್ಲಿ ಹೆಚ್ಚಿನವರು ರಿಟರ್ನಿನ ಗೋಜಿಗೇ ಹೋಗುವುದಿಲ್ಲ. ನಾನು ಠೇವಣಿಯ ಬಡ್ಡಿಯ ಕಾರಣ ಹಲವು ವರ್ಷಗಳಿಂದ ಸಲ್ಲಿಸುತ್ತ ಬಂದಿದ್ದೆ, ಅದು ಈಗ ಕೆಲಸಕ್ಕೆ ಬಂತು. ಕೃಷಿ ಆದಾಯ ಐದು ಸಾವಿರ ರೂಪಾಯಿ ಮೀರಿದರೆ ಸರಳವಾದ ಒಂದನೆಯ ನಮೂನೆ ನಡೆಯುವುದಿಲ್ಲ. ಬೇರೆ ವ್ಯವಹಾರವಿಲ್ಲದ ನಮ್ಮಂಥವರು ಎರಡನೆಯ ನಮೂನೆಯಲ್ಲಿ ಕೊಡಬೇಕು. ಆ ಆದಾಯ ಐದು ಲಕ್ಷ ಮೀರಿದರೆ ಜಮೀನು ಯಾವ ಜಿಲ್ಲೆಯಲ್ಲಿದೆ, ಎಷ್ಟು ವಿಸ್ತೀರ್ಣ, ಸ್ವಂತದ್ದೇ ಗೇಣಿಯದೇ, ನೀರಾವರಿಯೇ ಮಳೆಯಾಶ್ರಿತವೇ ಎಂಬುದನ್ನೂ ಅದರಲ್ಲಿ ತುಂಬಬೇಕು. ಲೆಕ್ಕಪರಿಶೋಧಕರಿಗೆ ಇದು ಕಿರಿಕಿರಿ. ವೀಸಾ ಅರ್ಜಿದಾರನಿಗೆ ಮಾತ್ರ ಇದಕ್ಕಿಂತ ಒಳ್ಳೆಯ ದಾಖಲೆ ಸಿಗಲಾರದು, ಏಕೆಂದರೆ ಜಮೀನೂ ಆದಾಯವೂ ಒಂದೇ ಕಾಗದದಲ್ಲಿ, ಅದೂ ಇಂಗ್ಲಿಷಿನಲ್ಲಿ, ಒಟ್ಟಿಗೆ ಸಿಗುತ್ತವೆ. ಮೂರು ವರ್ಷದ ರಿಟರ್ನ್ ಇಟ್ಟೆ. ವಿಲೇಜ್ ಆಫೀಸಿನ ಆದಾಯ ಪ್ರಮಾಣಪತ್ರವನ್ನು ಮಾತ್ರ ಇಡಲಿಲ್ಲ. ಮಕ್ಕಳ ವಿದ್ಯಾರ್ಥಿವೇತನಕ್ಕೂ ಪಡಿತರ ಚೀಟಿಯ ಬಣ್ಣಕ್ಕೂ ಹೊಂದುವಂತೆ ನಮ್ಮ ಊರುಗಳಲ್ಲಿ ಆ ಪತ್ರದ ಮೊತ್ತ ಹೇಗೆ ಕುಗ್ಗುತ್ತದೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ರಿಟರ್ನಿನ ಪಕ್ಕದಲ್ಲಿ ಅದನ್ನಿಟ್ಟರೆ ಎರಡೂ ಸುಳ್ಳೆಂದು ಕಂಡೀತು.

ಜಮೀನಿನ ಕಾಗದಗಳಲ್ಲಿ ನಮ್ಮ ಗಡಿನಾಡಿನ ಚರಿತ್ರೆಯೇ ಇದೆ. 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ನಮ್ಮ ಮನೆಯ ಹಳೆಯ ಆಧಾರಪತ್ರಗಳು ಕನ್ನಡದಲ್ಲಿವೆ, ಈಗಿನ ತೀರ್ವೆ (ಭೂಕಂದಾಯ) ರಶೀದಿ ಮತ್ತು ಕೈವಶ ಪ್ರಮಾಣಪತ್ರ ಮಲಯಾಳದಲ್ಲಿವೆ, ವೀಸಾ ಕೊಡುವವರಿಗೆ ಇಂಗ್ಲಿಷ್ ಬೇಕು. ಹಳೆಯ ಆಧಾರಗಳನ್ನು ಮುಟ್ಟಲೇ ಇಲ್ಲ. ಚಾಲ್ತಿ ವರ್ಷದ ತೀರ್ವೆ ರಶೀದಿಗೂ ಕೈವಶ ಪತ್ರಕ್ಕೂ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿಯ ಸಹಿ ಹಾಕಿಸಿದೆ. ತಂದೆಯ ಕಾಲಾನಂತರ ಪೋಕುವರವು (ಜಮೀನಿನ ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸದೆ ರಶೀದಿ ಇನ್ನೂ ತಂದೆಯ ಹೆಸರಿನಲ್ಲೇ ಇರುವವರು ಮೊದಲು ಅದನ್ನು ಮುಗಿಸಬೇಕು, ಇಲ್ಲವಾದರೆ ಆ ರಶೀದಿ ಯಾವುದಕ್ಕೂ ಸಾಲದು.

ಅದಕ್ಕಿಂತ ಹೆಚ್ಚು ಓಡಾಟ ತಂದದ್ದು ಹೆಸರು. ಶಾಲೆಯ ದಾಖಲೆಯಲ್ಲಿ ಇನಿಶಿಯಲ್ ಮುಂದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಶಿಯಲ್ ಬಿಡಿಸಿ ಬರೆದ ಮನೆಹೆಸರು ಮತ್ತು ತಂದೆಯ ಹೆಸರು, ಬ್ಯಾಂಕಿನಲ್ಲಿ ಕುಲನಾಮಕ್ಕೆ ಒಂದು ‘ಟಿ’, ವಿಲೇಜ್ ಆಫೀಸಿನಲ್ಲಿ ಮಲಯಾಳದಿಂದ ಮರಳಿ ಇಂಗ್ಲಿಷಿಗೆ ಬಂದಾಗ ಎರಡು ‘ಟಿ’. ನಮಗೆ ಇದೆಲ್ಲ ಒಬ್ಬನೇ. ದಿಲ್ಲಿಯಲ್ಲಿ ಕುಳಿತು ಕಡತ ಓದುವವರಿಗೆ ನಾಲ್ವರು ಬೇರೆ ಬೇರೆ ವ್ಯಕ್ತಿಗಳು. ಇದಕ್ಕೆ ಕೇರಳದಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ಈ ಎರಡು ಹೆಸರುಗಳು ಒಬ್ಬನೇ ವ್ಯಕ್ತಿಯವು ಎಂಬ ಪ್ರಮಾಣಪತ್ರವನ್ನು ವಿಲೇಜ್ ಆಫೀಸರು ಕೊಡುತ್ತಾರೆ, ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಸಾಕು. ಅರ್ಜಿ ನಮೂನೆಯಲ್ಲಾಗಲಿ, ವಿಮೆಯಲ್ಲಾಗಲಿ, ಹೋಟೆಲ್ ಬುಕಿಂಗಿನಲ್ಲಾಗಲಿ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಅಕ್ಷರ ಅಕ್ಷರ ನೋಡಿ ಬರೆದೆ.

ಹೆಂಡತಿಯ ಅರ್ಜಿ ಬೇರೆಯೇ. ದಂಪತಿ ಎಂದು ಒಟ್ಟಿಗೆ ಕೊಟ್ಟರೂ ಪ್ರತಿಯೊಬ್ಬರ ಕಡತವೂ ಸ್ವತಂತ್ರವಾಗಿ ನಿಲ್ಲುವಂತಿರಬೇಕು. ಅವಳ ಹೆಸರಿನಲ್ಲಿ ಆದಾಯವಿಲ್ಲ. ಖರ್ಚು ಭರಿಸುವವನು ನಾನೆಂಬ ಪತ್ರ, ನನ್ನ ಬ್ಯಾಂಕ್ ಮತ್ತು ತೆರಿಗೆ ದಾಖಲೆಗಳ ಇನ್ನೊಂದು ಪ್ರತಿ, ಮದುವೆಯ ಪ್ರಮಾಣಪತ್ರ ಇವಿಷ್ಟು ಬೇಕಾದುವು. ನಮ್ಮ ಮದುವೆ ಮನೆಯಂಗಳದಲ್ಲಿ ಚಪ್ಪರ ಹಾಕಿ ಆದದ್ದು, ನೋಂದಣಿ ಎಂಬ ಮಾತೇ ಆಗ ಯಾರ ಬಾಯಲ್ಲೂ ಇರಲಿಲ್ಲ. 2008ರ ಕೇರಳ ವಿವಾಹ ನೋಂದಣಿ ನಿಯಮಗಳು ಬಂದ ಮೇಲೆ ಪಂಚಾಯತಿನಲ್ಲಿ ತಡವಾದ ನೋಂದಣಿಗೆ ಅವಕಾಶವಿರುವುದರಿಂದ ಅದನ್ನು ಮೊದಲೇ ಮಾಡಿಸಿಟ್ಟಿದ್ದೆವು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಪರಸ್ಪರರ ಹೆಸರು ಇದ್ದುದೂ ಸಹಾಯವಾಯಿತು.

ಇಷ್ಟನ್ನೂ ಜೋಡಿಸಿ ಕಟ್ಟುವುದು ಮುಖಪತ್ರ. ಇದನ್ನು ಬೇರೆಯವರಿಂದ ಬರೆಸಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಏಜೆಂಟರ ಕಂಪ್ಯೂಟರಿನಲ್ಲಿ ಒಂದೇ ಪತ್ರ ನೂರು ಹೆಸರಿನಲ್ಲಿ ಇರುತ್ತದೆ. ನನ್ನದು ಒಂದೇ ಪುಟ. ಯಾವ ದಿನ ಎಲ್ಲಿರುತ್ತೇವೆ, ಯಾವ ರೈಲಿನಲ್ಲಿ ಮುಂದೆ ಹೋಗುತ್ತೇವೆ ಎಂಬುದನ್ನು ಸಂಕ್ಷೇಪವಾಗಿ ಹೇಳಿ, ಆದಾಯ ಯಾಕೆ ಕಂತು ಕಂತಾಗಿ ಬರುತ್ತದೆ ಎಂಬುದಕ್ಕೆ ಎರಡು ವಾಕ್ಯ ಬರೆದೆ. ಮರಳುವ ಪ್ರಶ್ನೆಗೆ ಬಂದಾಗ ‘ನಾನು ಭಾರತವನ್ನು ಪ್ರೀತಿಸುತ್ತೇನೆ’ ಎಂಬಂಥ ಮಾತುಗಳನ್ನು ಬಿಟ್ಟು, ಎರಡನೆಯ ಸಿಂಪಡಣೆ ಜುಲೈಯಲ್ಲಿ ಮುಗಿಯುತ್ತದೆ, ಮೊದಲ ಕೊಯ್ಲು ನವೆಂಬರಿನಲ್ಲಿ ಆರಂಭವಾಗುತ್ತದೆ, ಆ ಕೊಯ್ಲೇ ನನ್ನ ವರ್ಷದ ಆದಾಯ, ಈ ನಡುವೆ ತೋಟವನ್ನೂ ದನಗಳನ್ನೂ ತಮ್ಮ ನೋಡಿಕೊಳ್ಳುತ್ತಾನೆ ಎಂದು ಬರೆದೆ. ಕೊಯ್ಲು ಬಿಟ್ಟು ಪರದೇಶದಲ್ಲಿ ಕುಳಿತುಕೊಳ್ಳುವ ಕೃಷಿಕ ಇರಲಾರನೆಂಬುದು ಯಾವ ದೇಶದ ಅಧಿಕಾರಿಗೂ ಅರ್ಥವಾಗುವ ಮಾತು.

ಮಂಗಳೂರಿನ ಏಜೆಂಟರೊಬ್ಬರು, ಖಾತೆಯಲ್ಲಿ ಇನ್ನೂ ಸ್ವಲ್ಪ ತೂಕ ಬೇಕು, ಯಾರಾದರೂ ಸಂಬಂಧಿಕರಿಂದ ಐದಾರು ಲಕ್ಷ ತಿಂಗಳ ಮಟ್ಟಿಗೆ ಹಾಕಿಸಿ ಎಂದು ಸಲಹೆ ಕೊಟ್ಟಿದ್ದರು. ವಿಮಾನದ ಟಿಕೇಟನ್ನೂ ಈಗಲೇ ಕೊಳ್ಳಿ ಎಂದರು. ಎರಡಕ್ಕೂ ಒಪ್ಪಲಿಲ್ಲ. ಬಿಲ್ಲಿಲ್ಲದ ಜಮೆಯೊಂದು ಬಂದರೆ ಬಿಲ್ಲಿರುವ ಜಮೆಗಳ ಮೇಲೂ ಸಂಶಯ ಬರುತ್ತದೆ. ಟಿಕೇಟಿನ ಬಗ್ಗೆ ನಿಯಮದಲ್ಲಿ ಕೇಳಿರುವುದು ಕಾದಿರಿಸಿದ ವಿವರ ಮಾತ್ರ. ವೀಸಾ ಕೈಗೆ ಬರುವ ಮುನ್ನ ಮರುಪಾವತಿಯಿಲ್ಲದ ಟಿಕೇಟು ಕೊಳ್ಳುವುದು ಬುದ್ಧಿವಂತಿಕೆಯಲ್ಲ. ಹೋಟೆಲುಗಳನ್ನೂ ಉಚಿತವಾಗಿ ರದ್ದು ಮಾಡಬಹುದಾದ ಕಡೆಯೇ ಹಿಡಿದೆವು.

ಉಳಿದವು ಸಣ್ಣಪುಟ್ಟವು. ಫೋಟೋ 35 ಮಿಲಿಮೀಟರ್ ಅಗಲ, 45 ಎತ್ತರ, ಹೊಸದು. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿದ್ದು, ಆ ಪ್ರದೇಶ ಬಿಟ್ಟು ಹೊರಡುವ ದಿನದಿಂದ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಬೇಕು. ಪ್ರವಾಸ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿ, ತುರ್ತು ಚಿಕಿತ್ಸೆಯನ್ನೂ ಸ್ವದೇಶಕ್ಕೆ ಕರೆತರುವ ಖರ್ಚನ್ನೂ ಒಳಗೊಂಡು ಷೆಂಗೆನ್ ದೇಶಗಳಿಗೆಲ್ಲ ಅನ್ವಯಿಸಬೇಕು.

ಅರ್ಜಿ ಕೊಟ್ಟದ್ದು ಕೊಚ್ಚಿಯಲ್ಲಿ; ರಾತ್ರಿಯ ರೈಲು ಹಿಡಿದರೆ ಬೆಳಗಾಗುವ ಮೊದಲೇ ಎರ್ನಾಕುಳಂ. ಅಲ್ಲಿ ಸಂದರ್ಶನವೇನೂ ನಡೆಯಲಿಲ್ಲ. ಕೌಂಟರಿನಲ್ಲಿರುವವರು ಕಾಗದಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ ತೆಗೆದುಕೊಳ್ಳುತ್ತಾರೆ, ವೀಸಾ ಕೊಡುವ ಬಿಡುವ ಅಧಿಕಾರ ಅವರಿಗಿಲ್ಲ. ಹೊತ್ತು ಹಿಡಿದದ್ದು ಬೆರಳಚ್ಚು. ವರ್ಷಗಟ್ಟಲೆ ಅಡಕೆ ಸುಲಿದ ನನ್ನ ಹೆಬ್ಬೆರಳೂ, ಹಟ್ಟಿ ಮತ್ತು ಅಡುಗೆಮನೆಯಲ್ಲಿ ಸವೆದ ಅವಳ ತೋರುಬೆರಳೂ ಗಾಜಿನ ಮೇಲೆ ಮೂಡಲೇ ಇಲ್ಲ. ಪಡಿತರ ಅಂಗಡಿಯ ಯಂತ್ರದಲ್ಲಿ ಇದು ನಮಗೆ ಮಾಮೂಲು. ಕೌಂಟರಿನ ಹುಡುಗಿ ಒದ್ದೆ ಕಾಗದ ಕೊಟ್ಟು ಒರೆಸಲು ಹೇಳಿದಳು, ಬೆರಳನ್ನು ತಾನೇ ಮೇಲಿನಿಂದ ಒತ್ತಿ ಹಿಡಿದಳು, ಮತ್ತೆ ಮತ್ತೆ ಹಾಗೆ ಮಾಡಿದ ಮೇಲೆ ಯಂತ್ರ ಒಪ್ಪಿಕೊಂಡಿತು. ತೋಟದ ಕೆಲಸ ಮಾಡುವವರು ಅದಕ್ಕೆ ಮುಂಚಿನ ಒಂದು ವಾರ ಸುಲಿಯುವುದನ್ನು ನಿಲ್ಲಿಸಿ ರಾತ್ರಿ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಮಲಗುವುದು ಲೇಸು. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳೊಳಗಿನ ಮುಂದಿನ ಅರ್ಜಿಗಳಿಗೂ ಸಲ್ಲುತ್ತದೆ.

ಪಾಸ್‌ಪೋರ್ಟು ಕೊರಿಯರಿನಲ್ಲಿ ಮರಳಿ ಬಂದಾಗ ವೀಸಾ ಅಂಟಿಸಿತ್ತು. ತಿರಸ್ಕಾರವಾಗಿದ್ದರೆ ಕಾರಣಕ್ಕೆ ಗುರುತು ಹಾಕಿದ ಮುದ್ರಿತ ನಮೂನೆಯೊಂದು ಬರುತ್ತದೆ, ಅದಕ್ಕೆ ಮೇಲ್ಮನವಿ ಸಲ್ಲಿಸುವ ಹಕ್ಕೂ ಇದೆ. ವೀಸಾ ಬಂದವರು ಸಂತೋಷದಲ್ಲಿ ಅದನ್ನು ಓದದೆ ಮಡಚಿ ಇಡುವುದುಂಟು, ಓದಬೇಕು. ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ ಸರಿಯಿದೆಯೇ, ಎಷ್ಟು ಸಲ ಒಳಹೋಗಬಹುದು, ಯಾವ ದಿನಾಂಕದಿಂದ ಯಾವ ದಿನಾಂಕದ ತನಕ ಎಂಬುದನ್ನು ನೋಡುವುದರ ಜತೆಗೆ, ಆ ದಿನಾಂಕಗಳ ನಡುವೆ ಒಟ್ಟು ಎಷ್ಟು ದಿನ ತಂಗಬಹುದೆಂಬ ಬೇರೆಯೇ ಒಂದು ಅಂಕಿ ಇರುತ್ತದೆ, ಅದನ್ನು ಗಮನಿಸಬೇಕು. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಗಡುವು. ಒಂದೇ ಪ್ರವೇಶದ ವೀಸಾದಲ್ಲಿ ನಡುವೆ ಲಂಡನ್ನಿಗೆ ಹೋಗಿ ಬರುತ್ತೇನೆಂದು ಹೊರಟರೆ ಮತ್ತೆ ಒಳಗೆ ಬರಲಾಗುವುದಿಲ್ಲ. ಭಾರತೀಯರಿಗೆ 2024ರ ಏಪ್ರಿಲಿನಲ್ಲಿ ಆದ ನಿಯಮದ ಪ್ರಕಾರ ಮೂರು ವರ್ಷದೊಳಗೆ ಎರಡು ವೀಸಾಗಳನ್ನು ಪಡೆದು ಕ್ರಮಬದ್ಧವಾಗಿ ಬಳಸಿದವರಿಗೆ ಎರಡು ವರ್ಷದ, ಆಮೇಲೆ ಐದು ವರ್ಷದ ಬಹುಪ್ರವೇಶ ವೀಸಾ ಸಿಗುವ ದಾರಿಯಿದೆ. ಮರಳಿದ ದಿನದ ದಾಖಲೆಗಳನ್ನು ಆ ಕಾರಣಕ್ಕಾಗಿ ತೆಗೆದಿಟ್ಟಿದ್ದೇನೆ. ವಿಮೆ, ಹೋಟೆಲ್, ಮರಳುವ ಟಿಕೇಟುಗಳ ಒಂದೊಂದು ಪ್ರತಿಯನ್ನು ಕೈಚೀಲದಲ್ಲೇ ಇಟ್ಟುಕೊಂಡು ಹೋಗಬೇಕು, ಏಕೆಂದರೆ ವೀಸಾ ಇದ್ದರೂ ಅಲ್ಲಿಯ ವಿಮಾನ ನಿಲ್ದಾಣದ ಗಡಿ ಅಧಿಕಾರಿ ಇವನ್ನೆಲ್ಲ ಇನ್ನೊಮ್ಮೆ ಕೇಳಬಹುದು. ಝೂರಿಚ್‌ನಲ್ಲಿ ನಮ್ಮನ್ನು ಕೇಳಿದ್ದು ಮರಳುವ ಟಿಕೇಟನ್ನು ಮಾತ್ರ.